ಜಿಗಿದವರು ಕ್ಷೇಮ, ಖಾಲಿ ಪ್ಲೇನ್ ಬಿತ್ತು: ದೋಷ ಹುಡುಕೋದು ಎಲ್ಲಿಂದ?

ಜೂನ್ 1ರಿಂದ ಜುಲೈ 31ರ ತನಕ ಟ್ರಾಲಿಂಗ್ ಬಂದ್ ಇರ್ತದಲ್ಲ, ಆಗ ಬೈತಖೋಲ್ ಬಂದರದ ಹತ್ರ ನನ್ನ ಶೆಡ್ಡಲ್ಲಿ ಕಾಲಿಡೋಕೆ ಜಾಗ ಇರಲ್ಲ, ಎಲ್ಲಾ ಕಡೆ ಬೋಟ್ ಇಂಜಿನ್ ಬಿಚ್ಚಿ ಬಿದ್ದಿರ್ತವೆ. ಅದರ ಮಧ್ಯೆ ಅಕ್ಕನ ಮಗ ಬಂದ. ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಓದ್ತಿದ್ದಾನೆ. ನಾನೂ ಅದೇ ಓದಿ ಒಂಬತ್ತು ವರ್ಷ ಒಂದು ಫ್ಲೈಯಿಂಗ್ ಸ್ಕೂಲ್ ಹ್ಯಾಂಗರಲ್ಲಿ ಸಣ್ಣ ಸಣ್ಣ ಸೆಸ್ನಾಗಳ ಕೆಳಗೆ ಮಲಗಿ ಆಮೇಲೆ ಊರಿಗೆ ವಾಪಸ್ ಬಂದವನು, ಹಾಗಾಗಿ ಅವನಿಗೆ ಪರೀಕ್ಷೆ ಹತ್ರ ಬಂದ್ರೆ ಮಾವನ ನೆನಪಾಗ್ತದೆ, ಉಳಿದ ದಿನ ಇಲ್ಲ.

ಕೈಲಿ ಒಂದು ಹಾಳೆ. ಕಾಲೇಜಲ್ಲಿ ಅಭ್ಯಾಸಕ್ಕೆ ಅಂತ ಕೊಟ್ಟ ಕಾಲ್ಪನಿಕ ಕೇಸು. ಸೆಸ್ನಾ 182, ಕಾರ್ಬ್ಯುರೇಟರ್ ಇರೋ ಕಾಂಟಿನೆಂಟಲ್ ಓ-470 ಇಂಜಿನ್, ಸ್ಕೈಡೈವಿಂಗ್ ಕೆಲಸ, ಆ ದಿನದ ಮೂರನೇ ಲಿಫ್ಟ್, ಅಂದ್ರೆ ಜಿಗಿಯೋರನ್ನ ಮೇಲೆ ಒಯ್ಯೋ ಮೂರನೇ ಸುತ್ತು. 10,000 ಅಡಿಯಲ್ಲಿ ನಾಲ್ಕು ಜನ ಜಿಗಿದ್ರು, ನಾಲ್ಕೂ ಜನ ಪ್ಯಾರಾಶೂಟ್ ಬಿಚ್ಚಿಕೊಂಡು ಆರಾಮಾಗಿ ನೆಲ ಮುಟ್ಟಿದ್ರು. ಪೈಲಟ್ ಒಬ್ಬನೇ ವಾಪಸ್ ಇಳಿತಾ ರನ್‌ವೇ ಕಡೆ ತಿರುಗುವಾಗ 600 ಅಡಿಯಲ್ಲಿ ಇಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯ್ತು, ವಿಮಾನ ಗದ್ದೆಗೆ ಬಿತ್ತು. ಬೆಂಕಿ ಹತ್ತಲಿಲ್ಲ. ರೆಕ್ಕೆಗಳಲ್ಲಿ ಒಟ್ಟು 46 ಲೀಟರ್ ಪೆಟ್ರೋಲ್ ಸಿಕ್ತು. ಕೆಳಗೆ ಒಂದು ಪಟ್ಟಿ: ಹವಾಮಾನ, ಗುಬ್ಬಿಗಳು ಯಾವ ಪೊಸಿಷನಲ್ಲಿ ಇದ್ವು, ಪ್ಲಗ್ ಬಣ್ಣ ಏನು, ಬೆಳಿಗ್ಗೆಯಿಂದ ಏನೇನು ಮಾಡಿದ್ರು ಅಂತೆಲ್ಲ. ಕಾರಣ ಬರಿ ಅಂತ ಪ್ರಶ್ನೆ.

ಅವನು ಆಗಲೇ ಬರೆದಾಗಿತ್ತು: "ಶಾಕ್ ಕೂಲಿಂಗಿಂದ ಸಿಲಿಂಡರ್ ಬಿರುಕು".

ಶಾಕ್ ಕೂಲಿಂಗ್ ಅಂದ್ರೆ ಫುಲ್ ಪವರಲ್ಲಿ ಹತ್ತಿ ಹತ್ತಿ ಕಾದ ಇಂಜಿನ್ನಿಗೆ ಒಮ್ಮೆಲೇ ಥ್ರಾಟಲ್ ಮುಚ್ಚಿ ಮೂಗು ಕೆಳಗೆ ಮಾಡಿ ಇಳಿಸಿದ್ರೆ ಸಿಲಿಂಡರ್ ಹೆಡ್ ಗಬಕ್ಕನೆ ತಣಿದು ಬಿರುಕು ಬಿಡ್ತದೆ ಅನ್ನೋ ಮಾತು. ಜಿಗಿಯೋರನ್ನ ಒಯ್ಯೋ ಜಂಪ್ ಪ್ಲೇನ್ ಮೆಕ್ಯಾನಿಕ್‌ಗಳು ಇದರ ಬಗ್ಗೆ ಜಗಳ ಆಡ್ತಾರೆ, ಕೆಲವರು ದೊಡ್ಡ ಭೂತ ಅಂತಾರೆ, ಕೆಲವರು ಅಂಥದ್ದೇನಿಲ್ಲ ಅಂತಾರೆ. ಇರ್ಲಿ. ಆದ್ರೆ ಬಿರುಕು ಬಿಟ್ಟ ಸಿಲಿಂಡರ್ ಇದ್ರೆ ಇಂಜಿನ್ ಒಡಕು ದನಿಯಲ್ಲಿ ನಡುಗ್ತಾ ಓಡ್ತದೆ, ಆರರಲ್ಲಿ ಒಂದು ಹೋದ್ರೂ ಉಳಿದ ಐದು ಹೇಗೋ ಎಳೀತವೆ. ಎರಡು ಸಲ ಕೆಮ್ಮಿ ಪೂರ್ತಿ ತೆಪ್ಪಗಾಗೋದು ಹೊಟ್ಟೆಗೆ ಬೀಳದ ಇಂಜಿನ್ನಿನ ಲಕ್ಷಣ. ಇದು ಬೋಟಿಗೂ ಅಷ್ಟೇ, ಪ್ಲೇನಿಗೂ ಅಷ್ಟೇ.

"ಮಾವ, 46 ಲೀಟರ್ ಇತ್ತಲ್ಲ ಮತ್ತೆ?" ಅಂದ.

ಅದೇ ತಮಾಷೆ. ಅದಕ್ಕೇ ಇಷ್ಟುದ್ದ ಬರಿತಿದ್ದೇನೆ.

ಮೊದಲೇ ಒಂದು ಹೇಳಿಬಿಡ್ತೇನೆ: ನಿಜವಾಗಿ ಬಿದ್ದ ವಿಮಾನವನ್ನು ಗಾಯಾಳುಗಳನ್ನ ಹೊರಗೆ ತೆಗೆಯೋದು, ಬೆಂಕಿ ತಡೆಯೋದು ಅಂಥ ತುರ್ತು ಕೆಲಸಕ್ಕೆ ಬಿಟ್ರೆ ನಾವು ನೀವು ಮುಟ್ಟೋ ಹಾಗಿಲ್ಲ, ನಮ್ಮ ದೇಶದಲ್ಲಿ ಆ ತನಿಖೆಗೆ 2012ರಿಂದ ಎಎಐಬಿ ಅಂತ ಬೇರೆಯೇ ಸಂಸ್ಥೆ ಉಂಟು. ಇದು ಓದೋ ಹುಡುಗರಿಗೆ, ಮತ್ತೆ ಇಳಿವಾಗ ಇಂಜಿನ್ ಕೆಮ್ಮಿ ಪುಣ್ಯಕ್ಕೆ ರನ್‌ವೇ ಸಿಕ್ಕಿ ಹ್ಯಾಂಗರ್‌ಗೆ ಬಂದು ನಿಂತ ವಿಮಾನಕ್ಕೆ. 2020ರ ಅಕ್ಟೋಬರ್ 2ಕ್ಕೆ ನಮ್ಮ ಟ್ಯಾಗೋರ್ ಬೀಚಲ್ಲಿ ಪ್ಯಾರಾಮೋಟಾರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ರು ತೀರಿಕೊಂಡ್ರಲ್ಲ, ಆ ಸಂಜೆಯೊಳಗೆ ಚಾದಂಗಡಿಯಲ್ಲಿ ಹತ್ತು ಕಾರಣ ಹುಟ್ಟಿದ್ವು, ಅದರಲ್ಲಿ ಎರಡು ನನ್ನ ಬಾಯಿಂದಲೇ ಬಂದದ್ದು, ಈಗ ನೆನೆಸಿದ್ರೆ ನಾಚಿಕೆ ಆಗ್ತದೆ. ವಸ್ತು ನೋಡದೆ ಕಾರಣ ಹೇಳಬಾರ್ದು.

ಜಂಪ್ ಪ್ಲೇನ್ ಅಂದ್ರೆ ಫೇರಿ ಹೊಡೆಯೋ ಟೆಂಪೋ

ಬಾಕಿ ವಿಮಾನ ಒಂದೂರಿಂದ ಇನ್ನೊಂದೂರಿಗೆ ಹೋಗ್ತದೆ. ಜಂಪ್ ಪ್ಲೇನ್ ಎಲ್ಲಿಗೂ ಹೋಗಲ್ಲ, ಮೇಲೆ ಹೋಗ್ತದೆ, ಜನ ಇಳಿಸ್ತದೆ (ಇಳಿಸೋದು ಅನ್ನೋದಾ ಬೀಳಿಸೋದು ಅನ್ನೋದಾ), ಕೆಳಗೆ ಬರ್ತದೆ, ಮತ್ತೆ ತುಂಬಿಸ್ಕೊಂಡು ಮೇಲೆ. 182ರಂಥದ್ದು 10,000 ಅಡಿ ಹತ್ತೋಕೆ ಇಪ್ಪತ್ತು ಇಪ್ಪತ್ತೈದು ನಿಮಿಷ, ಇಳಿಯೋಕೆ ಅದರ ಅರ್ಧವೂ ಬೇಡ. ಪೈಲಟ್ ಸೀಟು ಒಂದು ಬಿಟ್ಟು ಉಳಿದ ಸೀಟೆಲ್ಲ ಕಿತ್ತು ಹಾಕಿರ್ತಾರೆ, ಜಿಗಿಯೋರು ನೆಲದ ಮೇಲೆ ಕಾಲು ಚಾಚಿ ಕೂರ್ತಾರೆ. ತೂಕ ಉಳಿಸೋಕೆ ಟ್ಯಾಂಕ್ ಫುಲ್ ಮಾಡಲ್ಲ, ಎರಡು ಮೂರು ಫೇರಿಗೆ ಸಾಕಾಗುವಷ್ಟು ಹಾಕ್ತಾರೆ. ಒಂದು ಲಿಫ್ಟಿಗೆ ಹೆಚ್ಚು ಕಡಿಮೆ 25ರಿಂದ 30 ಲೀಟರ್ ಕುಡೀತದೆ.

ಈಗ ನನ್ನ ವಾದ ಏನಂದ್ರೆ, ಇಂಥ ವಿಮಾನದಲ್ಲಿ ದೋಷ ಹುಡುಕುವಾಗ ಯಾವ ಪಾರ್ಟ್ ಕೆಟ್ಟಿತು ಅಂತ ಶುರು ಮಾಡಬೇಡಿ, ಹಿಂದಿನ ಫೇರಿ ಏನು ಬಿಟ್ಟು ಹೋಯ್ತು ಅಂತ ಕೇಳಿ. ಯಾವ ಗುಬ್ಬಿ ತಿರುಗಿಸಿದ್ದು ವಾಪಸ್ ಬಂದಿಲ್ಲ, ಯಾವ ಲೆಕ್ಕ ಬರೀದೆ ಹೋಯ್ತು, ಯಾವ ಬೆಲ್ಟ್ ಬಾಗಿಲ ಹೊರಗೆ ಉಳೀತು. ಬೆಳಗ್ಗೆ ಮೊದಲ ಹಾರಾಟಕ್ಕೆ ಎಲ್ಲರೂ ಚೆಕ್‌ಲಿಸ್ಟ್ ಓದ್ತಾರೆ, ಆರನೇ ಫೇರಿಗೆ ಯಾರೂ ಓದಲ್ಲ. ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2008ರಲ್ಲಿ ಜಂಪ್ ವಿಮಾನಗಳ ಬಗ್ಗೆಯೇ ಒಂದು ವಿಶೇಷ ವರದಿ ತಂದಿತ್ತು, 1980ರಿಂದ ಅಲ್ಲಿತನಕ 32 ಅಪಘಾತ, 172 ಸಾವು, ಸತ್ತವರಲ್ಲಿ ಹೆಚ್ಚಿನವರು ಜಿಗಿಯೋಕೆ ಹೊರಟವರು. ಅದರಲ್ಲಿ ತೋರಿಸಿದ ಮುಖ್ಯ ತೊಂದರೆಗಳು ಸರಿಯಾಗಿ ಮಾಡದ ಮೇಂಟೆನೆನ್ಸ್, ತೂಕ ಇಂಧನದ ಲೆಕ್ಕ ನೋಡದ ಪೈಲಟ್‌ಗಳು, ಸ್ಟಾಲ್ (ಮೂಗು ಅತಿಯಾಗಿ ಎದ್ದು ರೆಕ್ಕೆ ವಿಮಾನವನ್ನ ಹೊರೋದು ಬಿಡೋದು), ಮತ್ತೆ ಸರ್ಕಾರದ ಕಡೆಯ ಸಡಿಲ ನಿಗಾ. ಪ್ಯಾರಾಶೂಟಿಗಿಂತ ಅದನ್ನ ಮೇಲೆ ಹೊತ್ತೊಯ್ಯೋ ಟೆಂಪೋ ಬಗ್ಗೆ ಹೆದರಬೇಕು ಅನ್ನಿಸ್ತದೆ ಓದಿದ್ರೆ. ಜಿಗಿದಾದ ಮೇಲೆ ಖಾಲಿ ವಿಮಾನ ಬಿದ್ದದ್ದೂ ಉಂಟು, 2024ರ ಜುಲೈ 20ಕ್ಕೆ ನ್ಯೂಯಾರ್ಕ್ ರಾಜ್ಯದ ಯಂಗ್ಸ್‌ಟೌನಲ್ಲಿ ಸೆಸ್ನಾ 208 ಹಾಗೇ ಬಿತ್ತು, ಜಿಗಿದವರೆಲ್ಲ ಆಗಲೇ ಹೊರಗೆ, ಒಳಗಿದ್ದ ಪೈಲಟ್ ಒಬ್ಬರೇ ಸತ್ತದ್ದು.

ಮೊದಲು ಪೆಟ್ರೋಲ್. ಇದೆಯಾ, ಸಿಕ್ತಾ?

ಇವೆರಡು ಬೇರೆ ಬೇರೆ ಪ್ರಶ್ನೆ. ಟ್ಯಾಂಕಲ್ಲಿ ಇರೋದು ಒಂದು, ಇಂಜಿನ್ನಿಗೆ ಸಿಗೋದು ಇನ್ನೊಂದು.

ಇದೆಯಾ ಅನ್ನೋದಕ್ಕೆ ಗೇಜ್ ನಂಬಬೇಡಿ, ಡಿಪ್ ಕಡ್ಡಿ ಹಾಕಿ. ಸಣ್ಣ ವಿಮಾನದ ಫ್ಯೂಯಲ್ ಗೇಜ್‌ಗೆ ನಿಯಮದಲ್ಲಿ ಸ್ಪಷ್ಟವಾಗಿ ಹೇಳಿರೋದು ಏನಪ್ಪಾ ಅಂದ್ರೆ ಬಳಸೋಕೆ ಬರೋ ಪೆಟ್ರೋಲ್ ಮುಗಿದಾಗ ಅದು ಸೊನ್ನೆ ತೋರಿಸಬೇಕು ಅಂತ, ಮಧ್ಯದಲ್ಲಿ ಅದು ತೋರಿಸೋದು ಪಂಚಾಂಗದ ಮಳೆ ಇದ್ದ ಹಾಗೆ. ಈ ಇಂಜಿನ್‌ಗಳಿಗೆ ಹಾಕೋ ಪೆಟ್ರೋಲ್, ಏವ್‌ಗ್ಯಾಸ್ 100ಎಲ್‌ಎಲ್, ನೀಲಿ ಬಣ್ಣ, ಟ್ಯಾಂಕ್ ಒಡೆದ ಜಾಗದ ಸುತ್ತ ನೀಲಿ ಕಲೆ ಬಿಡ್ತದೆ. ಗದ್ದೆಯಲ್ಲೋ ಕಾಡಲ್ಲೋ ಬಿದ್ದಿದ್ರೆ ಪೆಟ್ರೋಲ್ ಚೆಲ್ಲಿದ ಕಡೆ ಹುಲ್ಲು ಎಲೆ ಎರಡು ಮೂರು ದಿನದಲ್ಲಿ ಸುಟ್ಟ ಹಾಗೆ ಕಂದು ಆಗ್ತದೆ, ತನಿಖೆಯವರು ಅದನ್ನೂ ನೋಡ್ತಾರೆ. ಹಸಿರು ಹಸಿರಾಗೇ ಇದ್ರೆ ಚೆಲ್ಲೋಕೆ ಒಳಗೆ ಏನೂ ಇರಲಿಲ್ಲ ಅಂತ ಅನುಮಾನ ಶುರು.

ಸಿಕ್ತಾ ಅನ್ನೋದಕ್ಕೆ ದಾರಿ ಹಿಡಿದು ಹೋಗಬೇಕು: ಟ್ಯಾಂಕ್, ವೆಂಟ್ (ಟ್ಯಾಂಕಿಗೆ ಗಾಳಿ ಬರೋ ತೂತು), ಸೆಲೆಕ್ಟರ್ (ಯಾವ ಟ್ಯಾಂಕಿಂದ ಪೆಟ್ರೋಲ್ ಬರಬೇಕು ಅಂತ ತಿರುಗಿಸೋ ವಾಲ್ವ್: ಎಡ, ಬಲ, ಇಲ್ಲ 'ಬೋತ್' ಅಂದ್ರೆ ಎರಡೂ), ಸ್ಟ್ರೈನರ್ (ಕಸ ಸೋಸೋ ಜಾಳಿಗೆ), ಕಾರ್ಬ್ಯುರೇಟರ್ ಬೌಲ್ (ಪೆಟ್ರೋಲ್ ನಿಲ್ಲೋ ಬಟ್ಟಲು). 182ರಲ್ಲಿ ರೆಕ್ಕೆ ಮೇಲಿರೋದ್ರಿಂದ ಪೆಟ್ರೋಲ್ ತನ್ನ ಭಾರಕ್ಕೇ ಕೆಳಗೆ ಇಳೀತದೆ.

ವೆಂಟ್ ವಿಷಯಕ್ಕೆ ನನ್ನ ಹತ್ರ ಒಂದು ಬೋಟಿನ ಕತೆ ಇದೆ, ಇದನ್ನ ಅಳಿಯನಿಗೂ ಹೇಳಿದೆ. ಒಂದು ದೋಣಿಯವರು ಬಂದ್ರು, ಔಟ್‌ಬೋರ್ಡ್ ಇಂಜಿನ್, ದಡದಲ್ಲಿ ಚಂದ ಓಡ್ತದೆ, ಕಾಳಿ ಅಳಿವೆ ದಾಟಿ ದೇವಬಾಗ ಎದುರಿಗೆ ಹೋದ ಕೂಡ್ಲೆ ನಿಲ್ತದೆ, ಐದು ನಿಮಿಷ ಬಿಟ್ಟು ಎಳೆದ್ರೆ ಮತ್ತೆ ಸ್ಟಾರ್ಟ್. ಇಬ್ಬರು ಮೆಕ್ಯಾನಿಕ್ ಪ್ಲಗ್ ಬದಲಾಯಿಸಿ ಕಾರ್ಬ್ಯುರೇಟರ್ ತೊಳೆದು ದುಡ್ಡು ತಗೊಂಡಾಗಿತ್ತು. ನಾನು ಅವರ ಜೊತೆ ದೋಣಿಯಲ್ಲೇ ಹೋದೆ. ಸರಿಯಾಗಿ ಹದಿನೈದು ನಿಮಿಷಕ್ಕೆ ನಿಂತಿತು. ಹಗ್ಗ ಎಳಿಬೇಡಿ ಅಂದು ಟ್ಯಾಂಕ್ ಮುಚ್ಚಳ ಸಡಿಲ ಮಾಡಿದೆ. ಫುಸ್ಸ್ ಅಂತ ಗಾಳಿ ಒಳಗೆ ಎಳ್ಕೊಂಡಿತು, ಒಳಕ್ಕೆ ಕುಗ್ಗಿದ್ದ ಪ್ಲಾಸ್ಟಿಕ್ ಟ್ಯಾಂಕ್ ಟಪ್ ಅಂತ ಉಬ್ಬಿತು. ಮಳೆ ನೀರು ಹೋಗಬಾರ್ದು ಅಂತ ಮುಚ್ಚಳದ ಗಾಳಿ ತೂತಿಗೆ ಅವರೇ ಎಂ-ಸೀಲ್ ಮೆತ್ತಿದ್ರು. ಪೆಟ್ರೋಲ್ ಹೊರಗೆ ಹೋಗಬೇಕಾದ್ರೆ ಅಷ್ಟು ಗಾಳಿ ಒಳಗೆ ಬರ್ಬೇಕಲ್ಲ ಮಾರಾಯ್ರೇ. ಐದು ನಿಮಿಷ ಬಿಟ್ರೆ ಸಂದಿಗೊಂದಿಯಲ್ಲಿ ಅಷ್ಟಿಷ್ಟು ಗಾಳಿ ಸೇರಿ ಮತ್ತೆ ಓಡ್ತಿತ್ತು.

ವಿಮಾನದಲ್ಲಿ ಎಂ-ಸೀಲ್ ಮೆತ್ತೋರು ಯಾರೂ ಇಲ್ಲ, ಆ ಕೆಲಸ ಕುಂಬಾರ ಹುಳ ಮಾಡ್ತದೆ. ಸೆಸ್ನಾದಲ್ಲಿ ಎಡ ರೆಕ್ಕೆ ಕೆಳಗೆ ಸ್ಟ್ರಟ್ (ರೆಕ್ಕೆಗೆ ಆಧಾರದ ಕಂಬ) ಹಿಂದೆ ಒಂದು ಸಣ್ಣ ಕೊಳವೆ ಇರ್ತದೆ, ಅದೇ ವೆಂಟ್, ಬೆರಳು ಗಾತ್ರದ ಗೂಡು ಹುಡುಕೋ ಹುಳಕ್ಕೆ ಅದಕ್ಕಿಂತ ಒಳ್ಳೆ ಮನೆ ಎಲ್ಲಿ ಸಿಗ್ಬೇಕು. ನಮ್ಮ ಹ್ಯಾಂಗರಲ್ಲಿ ನಾನೇ ಎರಡು ಸಲ ತೆಗೆದಿದ್ದೇನೆ, ಒಳಗೆ ಮಣ್ಣು, ಹಿಂದೆ ಹಸಿರು ಹುಳ ತುಂಬಿಸಿ ಇಟ್ಟಿತ್ತು ಮರಿಗೆ ಊಟಕ್ಕೆ. ನಾಲ್ಕು ದಿನ ನಿಂತ ವಿಮಾನ ಅಂದ್ರೆ ಮೊದಲು ಅಲ್ಲಿ ಟಾರ್ಚ್ ಹಾಕಿ. ಟ್ಯಾಂಕ್ ಕ್ಯಾಪ್ ಬಿಚ್ಚುವಾಗ ಕಿವಿ ಕೊಡಿ, ಫುಸ್ ಅಂದ್ರೆ ಅರ್ಧ ಕೆಲಸ ಮುಗೀತು.

ಆಮೇಲೆ ನೀರು. ಹಳೇ 182ಗಳಲ್ಲಿ ರೆಕ್ಕೆಯೊಳಗೆ ರಬ್ಬರ್ ಚೀಲದ ಟ್ಯಾಂಕು, ಅದು ಸುಕ್ಕು ಬಿದ್ರೆ ಸುಕ್ಕಿನ ಹಿಂದೆ ನೀರು ಕೂತಿರ್ತದೆ, ಬೆಳಗ್ಗೆ ಡ್ರೈನ್ ಮಾಡಿದ್ರೆ ಬರಲ್ಲ, ಮೂಗು ಕೆಳಗೆ ಮಾಡಿ ಇಳಿವಾಗ ಸುಕ್ಕು ದಾಟಿ ಹರೀತದೆ. ನಮ್ಮ ಕರಾವಳಿ ಹವೆಯಲ್ಲಿ ಅರ್ಧ ಖಾಲಿ ಟ್ಯಾಂಕ್ ರಾತ್ರಿ ಬಿಟ್ರೆ ಒಳಗೆ ಬೆವರ್ತದೆ, ಜಂಪ್ ಪ್ಲೇನ್ ಯಾವಾಗಲೂ ಅರ್ಧ ಖಾಲಿ. ಡ್ರೈನ್ ಮಾಡಿದ್ದನ್ನ ಗಾಜಿನ ಶೀಶೆಯಲ್ಲಿ ಹಿಡಿದು ಬೆಳಕಿಗೆ ನೋಡಿ, ನೀಲಿಯ ಕೆಳಗೆ ಬಣ್ಣ ಇಲ್ಲದ ಗುಳ್ಳೆ ಉರುಳಾಡ್ತದೆ. ಒಂದು ಎಚ್ಚರಿಕೆ: ಪೂರ್ತಿ ಶೀಶೆ ಬಣ್ಣ ಇಲ್ಲದೆ ಇದ್ರೆ ಒಳ್ಳೆ ಕ್ಲೀನ್ ಇದೆ ಅಂತ ಖುಷಿ ಪಡಬೇಡಿ, ಅದು ಪೂರ್ತಿ ನೀರು ಇರಬಹುದು ಅಥವಾ ಯಾರೋ ಜೆಟ್ ಫ್ಯೂಯಲ್ ಹಾಕಿರಬಹುದು. ಮೂಸಿ ನೋಡಿ, ಸೀಮೆಎಣ್ಣೆ ವಾಸನೆ ಗೊತ್ತಾಗ್ತದೆ.

ಕೊನೆಗೆ ಹರಿವು ಅಳೀಬೇಕು. ಕಾರ್ಬ್ಯುರೇಟರ್ ಹತ್ರ ಪೈಪ್ ಬಿಚ್ಚಿ ಗಡಿಯಾರ ಹಿಡಿದು ಅಳತೆ ಪಾತ್ರೆಗೆ ಬಿಡೋದು, ಹೊರಗಡೆ, ಅರ್ಥಿಂಗ್ ಕೊಟ್ಟು, ಮೊಬೈಲ್ ದೂರ ಇಟ್ಟು. ಭಾರಕ್ಕೆ ಇಳಿಯೋ ಸಿಸ್ಟಮ್ಮಿಗೆ ಟೇಕಾಫಲ್ಲಿ ಬೇಕಾದ್ದರ ಒಂದೂವರೆ ಪಟ್ಟು ಬರಬೇಕು ಅನ್ನೋದು ನಿಯಮ. ಗಂಟೆಗೆ 80 ಲೀಟರ್ ಕುಡಿಯೋ ಇಂಜಿನ್ ಅಂದ್ಕೊಂಡ್ರೆ 120 ಬರಬೇಕು, ಅಂದ್ರೆ ನಿಮಿಷಕ್ಕೆ 2 ಲೀಟರ್. ಎಡ ಒಂದೇ, ಬಲ ಒಂದೇ, ಆಮೇಲೆ ಎರಡೂ, ಮೂರು ಸಲ ಅಳೀರಿ. ಒಂದೇ ಸಲ 'ಬೋತ್' ಇಟ್ಟು ಅಳೆದು ಸರಿ ಇದೆ ಅಂತ ಬರೆದವರನ್ನ ನೋಡಿದ್ದೇನೆ, ಒಂದು ಟ್ಯಾಂಕಿನ ಜಾಳಿಗೆ ಪೂರ್ತಿ ಕಟ್ಟಿದ್ರೂ ಇನ್ನೊಂದು ಮಾನ ಉಳಿಸ್ತದೆ.

ಮಂಜು, ಅದೂ ನಮ್ಮ ಸೆಕೆಯಲ್ಲಿ

ಅಳಿಯ ಇದನ್ನ ನಂಬಲೇ ಇಲ್ಲ. "29 ಡಿಗ್ರಿ ಸೆಕೆಯಲ್ಲಿ ಕಾರ್ಬ್ಯುರೇಟರಲ್ಲಿ ಐಸಾ ಮಾವ?"

ಶಿರಸಿ ಕಡೆ ಮದುವೆ ಮನೆ ಅಡುಗೆ ಕೊಟ್ಟಿಗೆಗೆ ಹೋಗಿ ನೋಡಿ. ದೊಡ್ಡ ಒಲೆಗೆ ಹಾಕಿದ ಗ್ಯಾಸ್ ಸಿಲಿಂಡರ್ ಹೊರಗೆ ಬೆವರಿ ಬೆವರಿ ಬೆಳ್ಳಗೆ ಮಂಜು ಕಟ್ಟಿರ್ತದೆ, ಉರಿ ಸಣ್ಣ ಆಯ್ತು ಅಂತ ಅಡುಗೆ ಭಟ್ರು ಬಿಸಿನೀರು ಹೊಯ್ಯಿಸ್ತಾರೆ. ಪಕ್ಕದಲ್ಲಿ ಒಲೆ ಧಗಧಗ ಉರೀತಿರ್ತದೆ, ಆದ್ರೂ ಮಂಜು. ದ್ರವ ಆವಿ ಆಗುವಾಗ ಶಾಖ ಕಿತ್ಕೊಳ್ತದೆ. ಕಾರ್ಬ್ಯುರೇಟರಲ್ಲೂ ಪೆಟ್ರೋಲ್ ಆವಿ ಆಗ್ತದೆ, ಮೇಲಿಂದ ಗಾಳಿ ಇಕ್ಕಟ್ಟಲ್ಲಿ ನುಗ್ಗಿ ಒತ್ತಡ ಇಳಿದು ಇನ್ನಷ್ಟು ತಣ್ಣಗಾಗ್ತದೆ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಪೈಲಟ್‌ಗಳಿಗೆ ತಂದ ಪುಸ್ತಕದಲ್ಲೇ ಇದೆ: ಹೆಚ್ಚಾಗಿ ಮಂಜು ಕಟ್ಟೋದು ಹೊರಗೆ 21 ಡಿಗ್ರಿಗಿಂತ ಕಡಿಮೆ, ತೇವಾಂಶ ಶೇ. 80ಕ್ಕಿಂತ ಜಾಸ್ತಿ ಇದ್ದಾಗ, ಆದ್ರೆ 38 ಡಿಗ್ರಿಯಲ್ಲಿ, ಶೇ. 50 ತೇವಾಂಶದಲ್ಲೂ ಕಟ್ಟಬಹುದು. ಅಕ್ಟೋಬರ್ ಮುಂಜಾನೆ ಕಾರವಾರದ ಹವೆ ನೆನಪು ಮಾಡ್ಕೊಳ್ಳಿ, ಒಣಗಿಸಿದ ಬಟ್ಟೆ ಒಣಗಲ್ಲ. ಅದರಲ್ಲಿ 10,000 ಅಡಿಯಿಂದ ಥ್ರಾಟಲ್ ಮುಚ್ಚಿ ಇಳಿಯೋದು ಅಂದ್ರೆ ಮಂಜಿಗೆ ಆಮಂತ್ರಣ ಪತ್ರಿಕೆ ಕೊಟ್ಟ ಹಾಗೆ. ಲೈಕಮಿಂಗ್ ಇಂಜಿನ್‌ಗಳಲ್ಲಿ ಕಾರ್ಬ್ಯುರೇಟರ್ ಬಿಸಿ ಆಯಿಲ್ ಸಂಪಿಗೆ ಅಂಟಿರ್ತದೆ, ಸ್ವಲ್ಪ ಬೆಚ್ಚಗೆ. ಕಾಂಟಿನೆಂಟಲ್ ಓ-470ರಲ್ಲಿ ಆ ಸುಖ ಇಲ್ಲ, ಅದಕ್ಕೇ ಅದರ ಮೇಲೆ ಈ ಆಪಾದನೆ ಜಾಸ್ತಿ.

ಮದ್ದು ಕಾರ್ಬ್ ಹೀಟ್ ಗುಬ್ಬಿ, ಸೈಲೆನ್ಸರ್ ಸುತ್ತಿನ ಬಿಸಿ ಗಾಳಿ ಒಳಗೆ ಬಿಡ್ತದೆ. ಥ್ರಾಟಲ್ ಮುಚ್ಚೋಕೆ ಮೊದಲೇ ಎಳೀಬೇಕು, ಯಾಕಂದ್ರೆ ಐಡಲಲ್ಲಿ ಹತ್ತು ನಿಮಿಷ ಇಳಿದ ಮೇಲೆ ಸೈಲೆನ್ಸರೇ ತಣ್ಣಗಾಗಿರ್ತದೆ, ಆಗ ಎಳೆದು ಏನು ಉಪಯೋಗ. ಹ್ಯಾಂಗರಲ್ಲಿ ಪರೀಕ್ಷೆ ಸುಲಭ: ರನ್‌ಅಪಲ್ಲಿ (ನೆಲದ ಮೇಲೆ ಇಂಜಿನ್ ಏರಿಸಿ ನೋಡುವಾಗ) ಗುಬ್ಬಿ ಎಳೆದ್ರೆ ಆರ್‌ಪಿಎಂ ಸ್ವಲ್ಪ ಇಳೀಬೇಕು. ಇಳೀಲಿಲ್ಲ ಅಂದ್ರೆ ಕೇಬಲ್ ಕಳಚಿದೆ, ಇಲ್ಲ ಒಳಗೆ ಬಿಸಿ ಗಾಳಿ ಬಿಡೋ ಫ್ಲಾಪರ್ ಮುರಿದಿದೆ, ಗುಬ್ಬಿ ಬರೀ ಅಲಂಕಾರ. ಇಳಿದು ಒಂದೆರಡು ಸಲ ಕೆಮ್ಮಿ ಆಮೇಲೆ ತಾನೇ ಏರಿದ್ರೆ ಅಲ್ಲಿ ಮಂಜು ಇತ್ತು, ಕರಗ್ತು.

ಇದರ ತಾಪತ್ರಯ ಏನಂದ್ರೆ ಸಾಕ್ಷಿ ಉಳಿಯಲ್ಲ. ವಿಮಾನ ಬಿದ್ದು ಜನ ಓಡಿ ಬರೋದ್ರೊಳಗೆ ಮಂಜು ನೀರಾಗಿ ಆವಿ ಆಗಿ ಹೋಗಿರ್ತದೆ. ಹಾಗಾಗಿ ಉಳಿದ ಎಲ್ಲವನ್ನೂ ಅಲ್ಲ ಅಲ್ಲ ಅಂತ ಹೊಡೆದು ಹಾಕಿ ಕೊನೆಗೆ ಇದಕ್ಕೆ ಬರಬೇಕು. ಮೊದಲೇ ಇದನ್ನ ಬರೆಯೋದು ಸೋಮಾರಿ ತನಿಖೆ.

ಮಂಜು, ಪೆಟ್ರೋಲ್ ಸಿಗದ ಹಸಿವು, ಇವೆರಡನ್ನ ಬೇರೆ ಮಾಡೋದು ಬೌಲ್. ಮಂಜು ಕಟ್ಟಿ ನಿಂತ ಇಂಜಿನ್ನಿಗೆ ಗಾಳಿ ದಾರಿ ಮುಚ್ಚಿದೆ, ಪೆಟ್ರೋಲ್ ಬರ್ತಾನೇ ಇತ್ತು, ಬೌಲ್ ತುಂಬಿರ್ತದೆ. ಹಸಿದು ನಿಂತ ಇಂಜಿನ್ನಿನ ಬೌಲಲ್ಲಿ, ಸ್ಟ್ರೈನರಲ್ಲಿ, ಮಧ್ಯದ ಪೈಪಲ್ಲಿ ಚಮಚೆ ಲೆಕ್ಕ ಉಳಿದಿರ್ತದೆ. ಬೌಲ್ ಒಡೆದು ಚೆಲ್ಲಿದ್ರೆ ಮಾತ್ರ ಈ ಪರೀಕ್ಷೆ ಕೆಲಸಕ್ಕೆ ಬರಲ್ಲ, ಅದನ್ನ ಮೊದಲು ನೋಡ್ಕೊಳ್ಳಿ.

ಪ್ರೊಪೆಲ್ಲರ್ ಹೇಳೋ ಸಾಕ್ಷಿ ಬಗ್ಗೆ ಅವನಿಗೆ ಗೊತ್ತಿತ್ತು, ಹಿಂದಿನ ದಿನ ವಾರ್‌ಶಿಪ್ ಮ್ಯೂಸಿಯಂ ಹತ್ರ ನಿಲ್ಲಿಸಿರೋ ಟುಪೊಲೆವ್ ವಿಮಾನ ನೋಡಿ ಬಂದು ಒಂದರ ಹಿಂದೆ ಒಂದು ಉಲ್ಟಾ ತಿರುಗೋ ಅದರ ಪ್ರೊಪೆಲ್ಲರ್‌ಗಳ ಫೋಟೋ ಐವತ್ತು ತೆಗೆದಿದ್ದ. ಪವರಲ್ಲಿ ತಿರುಗ್ತಾ ನೆಲಕ್ಕೆ ಹೊಡೆದ ಬ್ಲೇಡ್ ಎಸ್ ಆಕಾರಕ್ಕೆ ತಿರುಚಿ ಅಂಚಲ್ಲಿ ಕಚ್ಚು ಬಿದ್ದಿರ್ತದೆ, ಅಡ್ಡಡ್ಡ ಗೀರು ಇರ್ತದೆ. ನಿಂತಿದ್ದ ಪ್ರೊಪೆಲ್ಲರಾದ್ರೆ ಕೆಳಗಿದ್ದ ಬ್ಲೇಡ್ ಸುಮ್ಮನೆ ಹಿಂದಕ್ಕೆ ಮಡಚಿ, ಮೇಲಿನದು ಶೋರೂಮಿಂದ ಬಂದ ಹಾಗೆ ಇರ್ತದೆ. ಹಾಳೆಯಲ್ಲಿ ಎರಡನೇದೇ ಇತ್ತು.

ಇಂಜಿನ್ ಸರಿ ಇದ್ದೂ ಬೀಳೋದು

ಇದು ಅವನ ಕೇಸಿಗೆ ಬೇಡ, ಆದ್ರೂ ಹಿಂದಿನ ಫೇರಿ ಅನ್ನೋ ಮಾತು ಇಲ್ಲಿ ಇನ್ನೂ ಚೆನ್ನಾಗಿ ಕಾಣ್ತದೆ. ಜಿಗಿದವರು ಹೋದ ಮೇಲೆ ವಿಮಾನದಲ್ಲಿ ಪೈಲಟ್ ಒಬ್ಬನೇ, ಭಾರ ಮುಂದಕ್ಕೆ ಬಂತು, ಲ್ಯಾಂಡಿಂಗಿಗೆ ಮೂಗು ಎತ್ತೋ ಕಡೆ ಟ್ರಿಮ್ ತಿರುಗಿಸ್ತಾನೆ (ಕೈಯಲ್ಲಿ ಒತ್ತಿ ಹಿಡಿಯದೆ ಮೂಗು ಒಂದೇ ಕಡೆ ನಿಲ್ಲೋ ಹಾಗೆ ಬಾಲವನ್ನ ಹೊಂದಿಸೋ ಚಕ್ರ ಅದು). ಇಳಿದ. ಇಂಜಿನ್ ನಿಲ್ಲಿಸದೆ ಮುಂದಿನ ಗುಂಪು ಹತ್ತಿ ಹಿಂದೆ ಕೂತ್ಕೊಂಡಿತು, ಭಾರ ಹಿಂದಕ್ಕೆ. ಟ್ರಿಮ್ ಮಾತ್ರ ಹಳೇ ಜಾಗದಲ್ಲೇ. ಸ್ಕೂಟರ್ ಹಿಂದೆ ಎರಡು ಅಕ್ಕಿ ಚೀಲ ಕಟ್ಟಿ ಎಕ್ಸಲೇಟರ್ ತಿರುವಿದ ಹಾಗೆ ಮೂಗು ಎದ್ದು ನಿಲ್ತದೆ, ಸ್ಟಾಲ್. ಸ್ವೀಡನ್ನಿನ ಓರೆಬ್ರೋದಲ್ಲಿ 2021ರ ಜುಲೈ 8ಕ್ಕೆ ಟರ್ಬೋ ಬೀವರ್ ಟೇಕಾಫಾದ ಕೂಡ್ಲೆ ಬಿದ್ದು 9 ಜನ ಹೋದ್ರು, ತನಿಖೆಯಲ್ಲಿ ಟ್ರಿಮ್ ಟೇಕಾಫಿಗೆ ಇರಬೇಕಾದ ಜಾಗದಲ್ಲಿ ಇರಲಿಲ್ಲ ಅಂತ ಬಂತು. ಅದಕ್ಕೆ ಎರಡು ವರ್ಷ ಹಿಂದೆ, 2019ರ ಜುಲೈ 14ಕ್ಕೆ, ಅದೇ ದೇಶದ ಉಮಿಯೋದಲ್ಲಿ ಏರ್‌ವ್ಯಾನ್, ಅಲ್ಲೂ 9 ಜನ, ಮೋಡದೊಳಗೆ ಹತೋಟಿ ತಪ್ಪಿ ರೆಕ್ಕೆಯೇ ಕಿತ್ತು ಹೋಯ್ತು, ಭಾರ ಹಿಂದೆ ಇತ್ತು. ಟ್ರಿಮ್ ಪತ್ತೆ ಹಚ್ಚೋಕೆ ಕಾಕ್‌ಪಿಟ್ಟಿನ ಚಕ್ರ ನೋಡಬೇಡಿ, ಬಾಲದಲ್ಲಿರೋ ಆಕ್ಚುಯೇಟರ್ ಸ್ಕ್ರೂ ಎಷ್ಟು ಹೊರಗೆ ಬಂದಿದೆ ಅಂತ ಅಳೀರಿ, ಕೇಬಲ್ ಎಳೆದು ಚಕ್ರ ತಿರುಗಿಹೋಗಿರ್ತದೆ.

ಕೆಲವು ಫೇರಿ ವರ್ಷಗಟ್ಟಲೆ ಹಿಂದಿನದ್ದಿರ್ತದೆ. ಹವಾಯಿಯ ಡಿಲ್ಲಿಂಗ್‌ಹ್ಯಾಮಲ್ಲಿ 2019ರ ಜೂನ್ 21ಕ್ಕೆ ಕಿಂಗ್ ಏರ್ ಬಿದ್ದು 11 ಜನ ಸತ್ತದ್ದು ಪೈಲಟ್ ಟೇಕಾಫಾದ ಕೂಡ್ಲೆ ಜೋರಾಗಿ ತಿರುಗಿಸಿ ಸ್ಟಾಲ್ ಮಾಡಿದ್ದಕ್ಕೆ. ಆದ್ರೆ ಅದೇ ವಿಮಾನ 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಂಪ್ ಹಾರಾಟದಲ್ಲೇ ಸ್ಪಿನ್ ಆಗಿ ಬಾಲದ ಒಂದು ಭಾಗ ಕಳ್ಕೊಂಡು, ಜಿಗಿಯೋರು ಹೊರಗೆ ಹಾರಿ, ಪೈಲಟ್ ಹೇಗೋ ಇಳಿಸಿದ್ದು. ಆಗ ಎಡ ರೆಕ್ಕೆ ತಿರುಚಿಕೊಂಡಿತ್ತು. ಬಾಲ ಸರಿ ಮಾಡಿದ್ರು, ರೆಕ್ಕೆ ತಿರುಚು ಹಾಗೇ ಉಳೀತು, ಮೂರು ವರ್ಷ ಆಮೇಲೆ ತನಿಖೆಯಲ್ಲಿ ಕಾರಣಗಳ ಪಟ್ಟಿಗೆ ಬಂತು. ಲಾಗ್‌ಬುಕ್ ಓದೋಕೆ ಬೇಜಾರು ಅನ್ನೋ ಹುಡುಗರಿಗೆ ನಾನು ಹೇಳೋ ಉದಾಹರಣೆ ಇದು.

ಬಾಗಿಲ ಹೊರಗೆ ನೇತಾಡೋ ಸೀಟ್‌ಬೆಲ್ಟು ಮೈಗೆ ಬಡಿದು ಇಂಜಿನ್ ಒಡೀತಿದೆ ಅನ್ನೋ ಹಾಗೆ ಶಬ್ದ ಮಾಡೋದು ಬೇರೆ ಉಂಟು. ಬಣ್ಣ ಕಿತ್ತ ಗುರುತು ನೋಡಿದ್ರೆ ಗೊತ್ತಾಗ್ತದೆ. ಹೆದರಿ ಇಂಜಿನ್ ಬಿಚ್ಚಿದವರೂ ಉಂಟು.

ವಾಪಸ್ ಹಾಳೆಗೆ

ಪ್ಲಗ್ ಒಣಗಿ ತಿಳಿ ಬಣ್ಣ, ಮಸಿ ಇಲ್ಲ. ಬೌಲ್ ಒಡೆದಿಲ್ಲ, ಒಳಗೆ ಎರಡು ಚಮಚೆ. ಸ್ಟ್ರೈನರ್ ಹೆಚ್ಚು ಕಡಿಮೆ ಖಾಲಿ, ನೀರಿಲ್ಲ. ವೆಂಟ್ ಕ್ಲಿಯರ್. ಅಂದ್ರೆ ಮಂಜು ಹೋಯ್ತು, ನೀರು ಹೋಯ್ತು, ಕುಂಬಾರ ಹುಳ ಹೋಯ್ತು. ಹಸಿವು ಉಳೀತು, 46 ಲೀಟರ್ ಇದ್ದೂ ಹಸಿವು.

"46 ಅಂತ ಯಾಕೆ ಓದ್ತೀಯ ತಮ್ಮಾ, ಕೆಳಗೆ ಬಿಡಿಸಿ ಬರೆದಿದ್ದಾರಲ್ಲ" ಅಂದೆ. ಎಡ ಟ್ಯಾಂಕ್ 9, ಬಲ ಟ್ಯಾಂಕ್ 37. ಬೆಳಗ್ಗೆ ಡಿಪ್ ಮಾಡಿದಾಗ 65, 65. ಲಿಫ್ಟಿಗೆ 28 ಅಂತ ಅವರೇ ಕೊಟ್ಟಿದ್ರು. ಎರಡು ಫೇರಿಗೆ 56, ಎರಡೂ ಟ್ಯಾಂಕಿಂದ ಸಮ ಹೋಯ್ತು ಅಂದ್ಕೊಂಡ್ರೆ 37, 37. (ನಿಜವಾದ ಸೆಸ್ನಾದಲ್ಲಿ ಬೋತಲ್ಲಿ ಇಟ್ರೂ ಸಮ ಇಳಿಯಲ್ಲ, ಪರೀಕ್ಷೆ ಪೇಪರಲ್ಲಿ ಇಳೀತದೆ.) ಮೂರನೇ ಫೇರಿಯ 28 ಪೂರ್ತಿ ಎಡದಿಂದಲೇ ಹೋದ್ರೆ ಎಷ್ಟು ಉಳೀಬೇಕು? 9. ಬಲ ಮುಟ್ಟೇ ಇಲ್ಲ, 37 ಹಾಗೇ ಕೂತಿದೆ. ಆ 9ರಲ್ಲೂ ತಳದ ಕೆಲವು ಲೀಟರ್ ಇಂಜಿನ್ನಿಗೆ ಸಿಗೋದೇ ಅಲ್ಲ, ಇಳಿವ ಅವಸರದಲ್ಲಿ ರಡ್ಡರ್ ಒತ್ತಿ ವಿಮಾನ ಓರೆ ಮಾಡಿದ್ರೆ ಉಳಿದದ್ದೂ ರೆಕ್ಕೆಯ ತುದಿ ಕಡೆ ಓಡ್ತದೆ, ಬುಡದಲ್ಲಿರೋ ಪೈಪಿನ ಬಾಯಿ ಗಾಳಿ ಕುಡೀತದೆ. ಕೆಮ್ಮು ಒಂದು, ಕೆಮ್ಮು ಎರಡು.

ಹುಡುಗ ಸುಮ್ಮನಾದ. ಸ್ವಲ್ಪ ಹೊತ್ತಿಗೆ ಅವನೇ ಹೇಳಿದ, ಬಲ ರೆಕ್ಕೆಯಲ್ಲಿ 28 ಲೀಟರ್ ಜಾಸ್ತಿ ಅಂದ್ರೆ 0.72ರಿಂದ ಗುಣಿಸಿದ್ರೆ 20 ಕೆಜಿ, ವಿಮಾನ ಬಲಕ್ಕೆ ವಾಲ್ತಿರಬೇಕು, ಪೈಲಟಿಗೆ ಗೊತ್ತಾಗಬೇಕಿತ್ತಲ್ಲ ಅಂತ. ಒಳ್ಳೆ ಪ್ರಶ್ನೆ. ಮೇಲೆ ಹತ್ತುವಾಗ ಜಿಗಿಯೋರು ಬಾಗಿಲ ಹತ್ರ ಸರಿದಾಡ್ತಾ ಇರ್ತಾರೆ, ವಾಲೋದು ಅವರಿಂದ ಅಂದ್ಕೊಂಡಿರ್ತಾನೆ. ಖಾಲಿ ಇಳಿವಾಗ ಗೊತ್ತಾಗಬೇಕಿತ್ತು, ಹೌದು.

ಸೆಲೆಕ್ಟರ್ ಎಡಕ್ಕೆ ಯಾಕೆ ಹೋಯ್ತು ಅನ್ನೋದು ಪಟ್ಟಿಯ ಕೊನೇ ಸಾಲಲ್ಲಿ ಇತ್ತು, ಇವನು ಅದನ್ನ ಕೆಲಸಕ್ಕೆ ಬಾರದ್ದು ಅಂತ ಗೀಟು ಹೊಡೆದಿದ್ದ: "ಎರಡನೇ ಲಿಫ್ಟ್ ನಂತರ ಊಟದ ವಿರಾಮ, ವಿಮಾನ ಇಳಿಜಾರಲ್ಲಿ ನಿಲ್ಲಿಸಲಾಗಿತ್ತು". ಇಳಿಜಾರಲ್ಲಿ ಬೋತಲ್ಲಿ ಬಿಟ್ರೆ ಮೇಲಿನ ಟ್ಯಾಂಕಿಂದ ಕೆಳಗಿನ ಟ್ಯಾಂಕಿಗೆ ಪೆಟ್ರೋಲ್ ಹರೀತದೆ, ತುಂಬಿ ವೆಂಟಲ್ಲಿ ಸೋರೋದೂ ಉಂಟು, ಅದಕ್ಕೆ ಎಡಕ್ಕೋ ಬಲಕ್ಕೋ ತಿರುಗಿಸಿ ಇಡು ಅಂತ ಮ್ಯಾನುಯಲ್ಲೇ ಹೇಳ್ತದೆ. ಮಾಡಿದ್ದು ಸರಿಯೇ. ಊಟ ಆಯ್ತು, ಜಿಗಿಯೋರು ಹತ್ತಿದ್ರು, ವಾಪಸ್ ತಿರುಗಿಸಲಿಲ್ಲ. ಇಂಜಿನ್ ಸ್ಟಾರ್ಟಾಯ್ತು, ಹತ್ತಿತು, ಏನೂ ಗೊತ್ತಾಗಲಿಲ್ಲ.

ಇಷ್ಟಾದ ಮೇಲೂ ಇಂಜಿನ್ನನ್ನ ಬಿಡೋ ಹಾಗಿಲ್ಲ, ಸ್ಟ್ಯಾಂಡಿಗೆ ಹಾಕಿ ಬೇರೆ ಟ್ಯಾಂಕಿಂದ ಪೆಟ್ರೋಲ್ ಕೊಟ್ಟು ಓಡಿಸಿ ನೋಡಬೇಕು, ಕಂಪ್ರೆಷನ್ ಆರಕ್ಕೆ ಆರೂ ಬರೀಬೇಕು, ಅವನ ಶಾಕ್ ಕೂಲಿಂಗಿಗೆ ಆಗ ಉತ್ತರ ಸಿಗ್ತದೆ. ಆಮೇಲೆ ಸೆಲೆಕ್ಟರ್. ಹಾಳೆಯಲ್ಲಿ "ವಾಲ್ವ್ ಎಡಕ್ಕೆ" ಅಂತ ಮಾತ್ರ ಇತ್ತು, ನೆಲದ ಮೇಲಿನ ಹ್ಯಾಂಡಲ್ ಯಾವುದರ ಮೇಲಿತ್ತು ಅಂತ ಬರೆದಿರಲಿಲ್ಲ. ಹ್ಯಾಂಡಲಿಂದ ವಾಲ್ವಿಗೆ ಒಂದು ಕಡ್ಡಿ, ಅದಕ್ಕೊಂದು ಪಿನ್ನು, ಪಿನ್ ಸವೆದ್ರೆ ಹ್ಯಾಂಡಲ್ ಬೋತ್ ತೋರಿಸ್ತದೆ, ವಾಲ್ವ್ ಕೆಳಗೆ ಎಡದಲ್ಲೇ ನಿಂತಿರ್ತದೆ. ಹಾಗಿದ್ರೆ ಪೈಲಟ್ ತಿರುಗಿಸಿದ್ದ, ಮರೆತದ್ದು ಅವನಲ್ಲ, ವರ್ಷದ ಇನ್‌ಸ್ಪೆಕ್ಷನ್‌ಗೆ ಸಹಿ ಹಾಕಿದವನು. ಅಳಿಯ ಉತ್ತರ ಬರೆದು ಕೆಳಗೆ ಸರ್‌ಗೆ ಒಂದು ಪ್ರಶ್ನೆ ಸೇರಿಸಿದ: ಹ್ಯಾಂಡಲ್ ಎಲ್ಲಿತ್ತು, ಪಿನ್ ಅಳತೆ ಎಷ್ಟು. ಇನ್ನೂ ಉತ್ತರ ಬಂದಿಲ್ಲ.